280 ರೂಪಾಯಿಯ ಅಲಾರಂ ಗಡಿಯಾರ, ದಿನಕ್ಕೆ ಎರಡು ಸಲ ಕೂಗುತ್ತದೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಸ್ಮಾರ್ಟ್ ಅನ್ನುವಂಥದ್ದು ಏನೂ ಇಲ್ಲ. ಅಂಗೈಯಗಲದ ಪ್ಲಾಸ್ಟಿಕ್ ಟೇಬಲ್ ಗಡಿಯಾರ. ಹಿಂದೆ ಒಂದು ಪೆನ್ಸಿಲ್ ಸೆಲ್ ಹಾಕಬೇಕು. ಮುಂದೆ ನಾಲ್ಕು ಮುಳ್ಳು, ಅದರಲ್ಲಿ ಕೆಂಪಗಿರುವುದು ಅಲಾರಂದು. ತಲೆ ಮೇಲೆ ಒಂದು ದೊಡ್ಡ ಬಟನ್, ಬೆನ್ನಿಗೆ ಎರಡು ತಿರುಪು, ಪಕ್ಕದಲ್ಲಿ ಆನ್ ಆಫ್ ಮಾಡುವ ಒಂದು ಕಡ್ಡಿ. ಅಷ್ಟೇ. ಡಬ್ಬಿ ಮೇಲೆ ಇರುವ ಹೆಸರನ್ನು ನಾನು ಬೇರೆಲ್ಲೂ ನೋಡಿಲ್ಲ, ಹಾಗಾಗಿ ಬ್ರ್ಯಾಂಡ್ ಕೇಳಬೇಡಿ. ಇಂಥವು ಎಲ್ಲ ಊರಿನ ಪೇಟೆ ಬೀದಿಯಲ್ಲೂ ಸಿಗುತ್ತವೆ. ಏಳು ತಿಂಗಳಿಂದ ಬಳಸುತ್ತಿದ್ದೇನೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಯಾಕೆ ಕೊಂಡೆ ಅಂದರೆ, ಫೋನನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಬೇಕಿತ್ತು. ರಾತ್ರಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುವುದಕ್ಕೆ ನನ್ನ ಬಳಿ ಇದ್ದ ಒಂದೇ ನೆಪ ‘ಅಲಾರಂ ಬೇಕಲ್ವಾ’ ಅನ್ನುವುದು. ಆದರೆ ಬೆಳಿಗ್ಗೆ ಅಲಾರಂ ಆಫ್ ಮಾಡಲು ಫೋನ್ ಹಿಡಿದರೆ ಸಾಕು, ರಾತ್ರಿ ಬಂದಿದ್ದ ಮೇಲ್‌ಗಳೆಲ್ಲ ಸಾಲಾಗಿ ನಿಂತಿರುತ್ತಿದ್ದವು. ನಮ್ಮ ಕ್ಲೈಂಟ್ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ನಾವು ಮಲಗುವ ಹೊತ್ತಿಗೆ ಅವರ ಕೆಲಸ ಜೋರಾಗಿರುತ್ತದೆ. ಹಲ್ಲು ಉಜ್ಜುವ ಮುಂಚೆಯೇ ನಾನು ಎರಡು ಮೇಲ್‌ಗೆ ಉತ್ತರ ಬರೆದು, ಮೂರನೆಯದಕ್ಕೆ ಮನಸ್ಸಿನಲ್ಲೇ ಜಗಳ ಆಡಿ, ಆಮೇಲೆ ಕಾಫಿಗೆ ಬರುತ್ತಿದ್ದೆ. ಮುಖ ನೋಡಿದ ಕೂಡಲೇ ‘ಏನೋ ಬಂದಿದೆ ಇವತ್ತು’ ಅಂತ ಅಮ್ಮ ಹೇಳಿಬಿಡುತ್ತಿದ್ದರು.

ವಾರಕ್ಕೆ 70 ಗಂಟೆ ದುಡಿಯಬೇಕು ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಹೇಳಿದಾಗ ನಮ್ಮ ಟೀಮಿನಲ್ಲಿ ಎಲ್ಲರೂ ಬೈದರು. ನಾನೂ ಚೆನ್ನಾಗಿಯೇ ಬೈದೆ. ಆಮೇಲೆ ಒಂದು ದಿನ ಸುಮ್ನೆ ಕುತೂಹಲಕ್ಕೆ ಒಂದು ವಾರದ ನನ್ನ ಲೆಕ್ಕ ಬರೆದಿಟ್ಟೆ. ಹಾಸಿಗೆಯಲ್ಲಿ ನೋಡಿದ ಮೇಲು, ಊಟದ ಮಧ್ಯೆ ಕೊಟ್ಟ ಉತ್ತರ, ರಾತ್ರಿ ಹತ್ತಕ್ಕೆ ‘ಒಂದೇ ನಿಮಿಷ’ ಅಂತ ತೆರೆದ ಲ್ಯಾಪ್‌ಟಾಪು ಎಲ್ಲ ಸೇರಿ 66 ಗಂಟೆ. ಯಾರೂ ಮಾಡು ಅಂದಿರಲಿಲ್ಲ. ನಾನೇ ಮಾಡುತ್ತಿದ್ದೆ, ಅದೂ ಅಲ್ಲೊಂಚೂರು ಇಲ್ಲೊಂಚೂರು. ಮನೆಯವರ ಲೆಕ್ಕದಲ್ಲಿ ನಾನು ದಿನವಿಡೀ ಕೆಲಸದಲ್ಲೇ ಇದ್ದೆ. ಆಫೀಸಿನ ಲೆಕ್ಕದಲ್ಲಿ ದೊಡ್ಡದೇನೂ ಮಾಡಿರಲಿಲ್ಲ.

ಕಂಪನಿಯವರು ಒಂದು ಆರೋಗ್ಯದ ಆ್ಯಪ್ ಕೊಟ್ಟಿದ್ದರು. ಅದು ರಾತ್ರಿ ಹತ್ತು ಗಂಟೆಗೆ ಟಣ್ ಅಂತ ಸದ್ದು ಮಾಡಿ ‘ಈಗ ವಿಶ್ರಾಂತಿಯ ಸಮಯ’ ಅನ್ನುತ್ತಿತ್ತು. ಅದನ್ನು ಓದಲು ಫೋನ್ ತೆಗೆದರೆ ಪಕ್ಕದಲ್ಲೇ ಆಫೀಸಿನ ಟೀಮ್ಸ್ ಮೆಸೇಜು. ಆ ಆ್ಯಪಿಗೆ ನನ್ನ ಸ್ಟಾರು ಸೊನ್ನೆ.

ಸರಿ, ಗಡಿಯಾರಕ್ಕೆ ಬರೋಣ. ಒಂದು ಶನಿವಾರ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅವೆನ್ಯೂ ರಸ್ತೆ ಕಡೆ ನಡೆದೆ. ಪುಸ್ತಕದಂಗಡಿಗಳ ನಡುವೆ ಸಂದಿಯಷ್ಟು ಅಗಲದ ಒಂದು ಗಡಿಯಾರದ ಅಂಗಡಿ. 350 ಅಂದರು, 280ಕ್ಕೆ ಬಂತು. ಚೌಕಾಸಿ ಮಾಡಲು ಬರದ ನನಗೇ ಅಷ್ಟು ಇಳಿಯಿತು ಅಂದರೆ ನಿಮಗೆ ಇನ್ನೂ ಕಡಿಮೆಗೆ ಸಿಗಬಹುದು. ಬಿಲ್ ಕೇಳಿದೆ, ಕೊಡಲಿಲ್ಲ. ವಾರಂಟಿ ಕೇಳಿದೆ, ನಕ್ಕರು. ಮನೆಗೆ ತಂದು ನೋಡಿದರೆ ಸೆಕೆಂಡ್ ಮುಳ್ಳು ನಿಮಿಷದ ಮುಳ್ಳಿಗೆ ಸಿಕ್ಕಿಕೊಂಡು ನಿಂತಿತ್ತು. ಮರುದಿನ ಭಾನುವಾರ, ಅಂಗಡಿ ಬಾಗಿಲು. ಸೋಮವಾರ ಸಂಜೆ ತೆಗೆದುಕೊಂಡು ಹೋದೆ. ಅವರು ಮಾತಿಲ್ಲದೆ ಇನ್ನೊಂದು ಕೊಟ್ಟರು, ಅದು ಅವರ ದೊಡ್ಡತನ. ಆದರೆ ಹೋಗಿ ಬಂದ ಮೆಟ್ರೋ ಖರ್ಚು ಯಾರು ಕೊಡುತ್ತಾರೆ ಹೇಳಿ, 2025ರಲ್ಲಿ ದರ ಏರಿಸಿದ ಮೇಲೆ ಅದೂ ಸಣ್ಣ ದುಡ್ಡಲ್ಲ. ಹಾಗಾಗಿ ಅಂಗಡಿಯಲ್ಲೇ ಸೆಲ್ ಹಾಕಿಸಿ, ಎರಡು ನಿಮಿಷ ಓಡಿಸಿ, ಅಲಾರಂ ಕೂಗಿಸಿ ನೋಡಿ ಆಮೇಲೆ ದುಡ್ಡು ಕೊಡಿ.

ಮೊದಲ ರಾತ್ರಿ ನರಕ. ಟಿಕ್ ಟಿಕ್ ಟಿಕ್. ಹಗಲು ಕೇಳಿಸದ ಸದ್ದು ರಾತ್ರಿ ಹನ್ನೊಂದಕ್ಕೆ ಬಡಗಿ ಕೆಲಸದಷ್ಟು ಜೋರು. ಹೆಂಡತಿ ‘ಇದಾ ನಿಮ್ಮ ನೆಮ್ಮದಿ?’ ಅಂದಳು. ಟವೆಲ್ ಸುತ್ತಿದೆ, ಹೋಗಲಿಲ್ಲ. ಕಡೆಗೆ ಕಿಟಕಿ ಹತ್ತಿರದ ಕಪಾಟಿನ ಮೇಲೆ, ಬಟ್ಟೆಗಳ ಪಕ್ಕ ಇಟ್ಟೆ. ಈಗ ಅಲ್ಲೇ ಇದೆ. ಅದರಿಂದ ಇನ್ನೊಂದು ಲಾಭವೂ ಆಯಿತು. ಆಫ್ ಮಾಡಬೇಕಾದರೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ನಡೆದ ಮೇಲೆ ವಾಪಸ್ ಮಲಗಲು ನಾಚಿಕೆ ಆಗುತ್ತದೆ. ನಿಮಗೆ ಟಿಕ್ ಟಿಕ್ ಆಗದು ಅಂದರೆ ಸೆಕೆಂಡ್ ಮುಳ್ಳು ಜಿಗಿಯದೆ ಜಾರಿಕೊಂಡು ಹೋಗುವ ಮಾದರಿ ಕೇಳಿ. ನೂರಿನ್ನೂರು ಜಾಸ್ತಿ ಆಗಬಹುದು, ಆದರೆ ಕೊಡುವುದೇ ವಾಸಿ. ಎರಡು ಬೆಲ್ ಇರುವ, ಕೀಲಿ ಕೊಡುವ ಹಳೇ ಮಾದರಿ ನೋಡಲು ಚೆಂದ, ಆದರೆ ಅದರ ಸದ್ದು ಪಕ್ಕದ ಮನೆಗೂ ಸೇರಿದ್ದು.

ಬಹಳ ವರ್ಷಗಳಿಂದ ಮಾಡಿದ್ದ ಅಭ್ಯಾಸ ನೋಡಿ, ಮೊದಲ ಒಂದು ವಾರ ರಾತ್ರಿ ಎಚ್ಚರವಾದಾಗಲೆಲ್ಲ ಕೈ ತಾನಾಗಿ ದಿಂಬಿನ ಕೆಳಗೆ ಹೋಗುತ್ತಿತ್ತು. ಬೆರಳು ತಡಕಿ, ಏನೂ ಸಿಗದೆ, ಹಾಸಿಗೆ ಮೇಲೆ ಹಾಗೇ ಬಿದ್ದಿರುತ್ತಿತ್ತು. ಕಾಲು ಮುರಿದವನು ಕೋಲು ಹುಡುಕಿದ ಹಾಗೆ. ಎರಡನೇ ವಾರ ಅದು ನಿಂತಿತು. ಟೈಮ್ ನೋಡಬೇಕೆನಿಸಿದರೆ ಕಪಾಟಿನ ಕಡೆ ನೋಡಿದರೆ ಮುಳ್ಳುಗಳು ಹಸಿರಾಗಿ ಹೊಳೆಯುತ್ತವೆ. ಅಂಗಡಿಯವರು ಅದನ್ನು ಈಗಲೂ ‘ರೇಡಿಯಂ’ ಅಂತಲೇ ಕರೆಯುತ್ತಾರೆ. ಹೆದರಬೇಡಿ, ಈಗಿನ ಗಡಿಯಾರದಲ್ಲಿ ನಿಜವಾದ ರೇಡಿಯಂ ಇರುವುದಿಲ್ಲ, ಬೆಳಕು ಕುಡಿದು ಸ್ವಲ್ಪ ಹೊತ್ತು ಹೊಳೆಯುವ ಬಣ್ಣ ಅಷ್ಟೇ. ನಮ್ಮದು ರಾತ್ರಿ ಒಂದರ ಮೇಲೆ ಪೂರ್ತಿ ಮಂಕು.

ಸಮಯ ತೋರಿಸುವುದರಲ್ಲಿ ತಕರಾರಿಲ್ಲ. ಇದರ ಒಳಗೆ ಇರುವುದು ಕ್ವಾರ್ಟ್ಜ್ ಹರಳು. ಅದು ಸೆಕೆಂಡಿಗೆ 32,768 ಸಲ ಅದುರುತ್ತದೆ, ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ ಒಂದು ಉಳಿಯುತ್ತದೆ, ಆ ಒಂದಕ್ಕೆ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಸಾವಿರಗಟ್ಟಲೆ ಬೆಲೆಯ ಕ್ವಾರ್ಟ್ಜ್ ವಾಚಿನಲ್ಲಿ ಇರುವುದೂ ಇದೇ ಜಾತಿಯ ಹರಳು. ಏಳು ತಿಂಗಳಲ್ಲಿ ನಾನು ಎರಡೇ ಸಲ ನಿಮಿಷ ಸರಿ ಮಾಡಿದ್ದೇನೆ. ಆದರೆ ಅಲಾರಂ ಮುಳ್ಳು ಹಾಗಲ್ಲ. ಅದಕ್ಕೆ ಹರಳಿನ ಲೆಕ್ಕ ಗೊತ್ತಿಲ್ಲ, ಹಲ್ಲಿನ ಗಾಲಿ ತಿರುಗುತ್ತ ಒಂದು ಹಳ್ಳಕ್ಕೆ ಬಿದ್ದಾಗ ಕೂಗುತ್ತದೆ. ಆರೂಕಾಲಿಗೆ ಇಟ್ಟರೆ ನಮ್ಮದು ಆರು ಹತ್ತಕ್ಕೇ ಶುರು. ಕೆಲವು ಐದು ನಿಮಿಷ ತಡವಾಗಿಯೂ ಕೂಗುತ್ತವಂತೆ. ರೈಲು ಹಿಡಿಯುವ ದಿನ ಇದೊಂದನ್ನೇ ನಂಬಬೇಡಿ. ಇನ್ನೊಂದು ಮಾತು, ಅಲಾರಂ ತಿರುಪನ್ನು ಬಾಣದ ಗುರುತು ಇರುವ ಕಡೆಗೇ ತಿರುಗಿಸಿ. ಉಲ್ಟಾ ತಿರುಗಿಸಿದರೆ ಒಳಗೆ ಹಲ್ಲು ಹೋಗುತ್ತದೆ.

ಇಷ್ಟೇ ಆಗಿದ್ದರೆ ಮೂರು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಆದರೆ ಇದಕ್ಕೆ ಒಂದು ದೊಡ್ಡ ದೋಷ ಇದೆ, ನನ್ನ ಸಂಜೆ ಉಳಿದದ್ದು ಆ ದೋಷದಿಂದಲೇ.

ಈ ಗಡಿಯಾರಕ್ಕೆ ಬೆಳಿಗ್ಗೆ ಯಾವುದು, ಸಂಜೆ ಯಾವುದು ಗೊತ್ತಿಲ್ಲ. ಹನ್ನೆರಡು ಗಂಟೆಯ ಮುಖ ಅಲ್ವಾ. ಬೆಳಿಗ್ಗೆ ಆರೂಕಾಲಿಗೆ ಇಟ್ಟರೆ ಸಂಜೆ ಆರೂಕಾಲಿಗೂ ಕೂಗುತ್ತದೆ, ಪಕ್ಕದ ಕಡ್ಡಿ ಮೇಲಿದ್ದರೆ. ನಾನು ಬೆಳಿಗ್ಗೆ ಕಡ್ಡಿ ಇಳಿಸಿಬಿಡುತ್ತಿದ್ದೆ, ಹಾಗಾಗಿ ಮೊದಲ ಹದಿನೈದು ದಿನ ಇದು ಗೊತ್ತೇ ಆಗಲಿಲ್ಲ. ಒಂದು ಬುಧವಾರ ಮನೆಯಿಂದ ಕೆಲಸ. ಮಗಳು ಸ್ಕೂಲಿಂದ ಬಂದವಳು ಗಡಿಯಾರ ಆಡಿಸುತ್ತ ಕಡ್ಡಿ ಮೇಲೆ ಮಾಡಿದ್ದಾಳೆ. ಸಂಜೆ ನಾನು ಅದೇ ಕೋಣೆಯಲ್ಲಿ ಕೂತು ಕ್ಲೈಂಟ್ ಜೊತೆ ಮಾತಾಡುತ್ತಿದ್ದೇನೆ, ಮೈಕ್ ತೆರೆದಿದೆ, ಪಿಪಿಪಿಪೀ ಪಿಪಿಪಿಪೀ ಅಂತ ಶುರುವಾಯಿತು ನೋಡಿ. ಇದು ಆಫ್ ಮಾಡದೆ ಬಿಟ್ಟಷ್ಟೂ ಜೋರಾಗುವ ಜಾತಿಯದು. ಆ ಕಡೆಯವರು ‘ಫೈರ್ ಡ್ರಿಲ್ಲಾ?’ ಅಂತ ಕೇಳಿದರು. ಅವರಿಗೆ ಆಗ ಬೆಳಿಗ್ಗೆ 8.40. ನಾನು ಗಾಬರಿಯಲ್ಲಿ ‘ಇಲ್ಲ, ಇಲ್ಲಿ ಸಂಜೆ ಆಯಿತು’ ಅಂದೆ. ಅವರು ‘ಓ, ಸಾರಿ, ಹಾಗಾದರೆ ನಾಳೆ ನೋಡೋಣ’ ಅಂದು ಕಾಲ್ ಮುಗಿಸಿಬಿಟ್ಟರು.

ನಾನು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ನಾಲ್ಕು ವರ್ಷದಿಂದ ಅವರ ಜೊತೆ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಸಂಜೆ ಆಗಿದೆ ಅಂತ ಒಂದು ದಿನವೂ ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಗಳು ಬಂದಳು. ‘ಅಪ್ಪಾ, ಬೆಲ್ ಆಯ್ತು!’ ಸ್ಕೂಲಿನಲ್ಲಿ ಬೆಲ್ ಆದರೆ ಮಿಸ್ಸು ಅರ್ಧ ವಾಕ್ಯದಲ್ಲಿದ್ದರೂ ಪುಸ್ತಕ ಮುಚ್ಚುತ್ತಾರೆ, ಅವಳಿಗೆ ಗೊತ್ತಿರುವ ನಿಯಮ ಅದು. ಅವತ್ತು ಲ್ಯಾಪ್‌ಟಾಪ್ ಮುಚ್ಚಿಸಿದಳು. ಮರುದಿನ ಸ್ಕೂಲಿಂದ ಬಂದು ಮತ್ತೆ ಕಡ್ಡಿ ಮೇಲೆ ಮಾಡಿದಳು. ಈಗ ಅದು ಅವಳ ಕೆಲಸ. ನಾನು ಬೆಳಿಗ್ಗೆ ಇಳಿಸುತ್ತೇನೆ, ಅವಳು ಮಧ್ಯಾಹ್ನ ಏರಿಸುತ್ತಾಳೆ, ಸಂಜೆ ನಾನು ಇಳಿಸುತ್ತೇನೆ, ಮಲಗುವಾಗ ಮತ್ತೆ ಏರಿಸುತ್ತೇನೆ. ಇಲ್ಲೊಂದು ಕಿರಿಕಿರಿ ಇದೆ. ಆಫ್ ಮಾಡಿದ ಕೂಡಲೇ ಆನ್ ಮಾಡಿದರೆ ಮತ್ತೆ ಕೂಗುತ್ತದೆ, ಒಳಗಿನ ಗಾಲಿ ಆ ಹಳ್ಳ ದಾಟಲು ಸುಮಾರು ಹೊತ್ತು ಬೇಕು. ನಾನು ಎರಡು ಸಲ ಇದಕ್ಕೆ ಸಿಕ್ಕಿ ಮನೆಯವರನ್ನೆಲ್ಲ ಎಬ್ಬಿಸಿದ್ದೇನೆ.

ಅಮ್ಮನಿಗೆ ಈ ಗಡಿಯಾರ ಎಲ್ಲರಿಗಿಂತ ಜಾಸ್ತಿ ಇಷ್ಟ. ನಾವು ಭದ್ರಾವತಿಯವರು, ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. 1923ರಲ್ಲಿ ಶುರುವಾದ ಹಳೇ ಕಾರ್ಖಾನೆ, ವಿಶ್ವೇಶ್ವರಯ್ಯನವರ ಹೆಸರು ಹೊತ್ತದ್ದು. ಶಿಫ್ಟ್ ಬದಲಾಗುವಾಗ ಸೈರನ್ ಕೂಗುತ್ತಿತ್ತು, ಅಮ್ಮ ಅದನ್ನು ಕೇಳಿಯೇ ಅನ್ನಕ್ಕೆ ಇಡುತ್ತಿದ್ದರು. ಸೈರನ್ ಆದ ಅರ್ಧ ಗಂಟೆಗೆ ಸೈಕಲ್ ಬೆಲ್. ಅಪ್ಪ ಕಾಲು ತೊಳೆದು ಒಳಗೆ ಬಂದರೆ ಮುಗಿಯಿತು, ಮರುದಿನದ ತನಕ ಕಾರ್ಖಾನೆ ಸುದ್ದಿ ಇಲ್ಲ. ಅಪ್ಪನದು ಸುಲಭದ ಕೆಲಸ ಅಂತ ನಾನು ಹೇಳುತ್ತಿಲ್ಲ. ಕುಲುಮೆ ಮುಂದೆ ನಿಂತವರ ಕೈ ನಾನು ನೋಡಿದ್ದೇನೆ. ರಾತ್ರಿ ಪಾಳಿ ಬಂದ ವಾರ ಮನೆಯಲ್ಲಿ ಹಗಲೆಲ್ಲ ಪಿಸುಮಾತು. ಆದರೆ ಅಮ್ಮ ಮೊನ್ನೆ ಹುರುಳಿಕಾಯಿ ಮುರಿಯುತ್ತ ಒಂದು ಮಾತು ಹೇಳಿದರು. ‘ನಿಮ್ಮಪ್ಪ ಕಾರ್ಖಾನೆಯ ಕಬ್ಬಿಣ ಮನೆಗೆ ತರ್ತಿರಲಿಲ್ಲ ನೋಡು. ನೀನು ತರ್ತೀಯ.’ ಲ್ಯಾಪ್‌ಟಾಪ್ ಬ್ಯಾಗು ಊಟದ ಮೇಜಿನ ಮೇಲೇ ಇತ್ತು. ಸುಮ್ಮನೆ ಎತ್ತಿ ಒಳಗಿಟ್ಟೆ.

ಈಗ ಅದಕ್ಕೆ ಜಾಗ ಬಟ್ಟೆ ಕಪಾಟಿನ ಕೆಳಗಿನ ಖಾನೆ. ಬೆಲ್ ಆದ ಮೇಲೆ ಚಾರ್ಜರ್ ಸಮೇತ ಬ್ಯಾಗಿಗೆ, ಬ್ಯಾಗ್ ಖಾನೆಗೆ. ಮತ್ತೆ ತೆಗೆಯಬೇಕಾದರೆ ಬಗ್ಗಬೇಕು, ಜಿಪ್ ಎಳೆಯಬೇಕು, ವೈರು ಬಿಡಿಸಬೇಕು. ಆ ಸೋಮಾರಿತನವೇ ನನ್ನ ಕಾವಲು. ಆಫೀಸಿಗೆ ಹೋಗುವ ಮೂರು ದಿನ ಗಡಿಯಾರ ಮನೆಯಲ್ಲಿ ಕೂಗುತ್ತದೆ, ಮಗಳು ಅಮ್ಮನ ಫೋನಿನಿಂದ ಕರೆ ಮಾಡುತ್ತಾಳೆ. ವೈಟ್‌ಫೀಲ್ಡಿನಿಂದ ವಿಜಯನಗರಕ್ಕೆ ಒಂದೇ ಮೆಟ್ರೋ, 2023ರ ಅಕ್ಟೋಬರಿನಿಂದ ಮಧ್ಯೆ ಇಳಿಯುವ ಕೆಲಸವಿಲ್ಲ. ಮೊದಲು ಸೀಟ್ ಸಿಕ್ಕರೆ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಈಗ ತೆರೆಯುವುದಿಲ್ಲ, ನಿದ್ದೆ ಮಾಡುತ್ತೇನೆ. ಎರಡು ಸಲ ಅತ್ತಿಗುಪ್ಪೆಯಲ್ಲಿ ಎದ್ದಿದ್ದೇನೆ.

ಆಫೀಸಿನಲ್ಲಿ ಏನಂದರು ಅಂತ ಕೇಳುತ್ತೀರಿ. ಏನೂ ಅನ್ನಲಿಲ್ಲ. ಅದೇ ನನಗೆ ಸ್ವಲ್ಪ ಬೇಜಾರಿನ ವಿಷಯ. ಇಷ್ಟು ವರ್ಷ ನಾನು ರಾತ್ರಿ ಹತ್ತರ ತನಕ ಕಾಯುತ್ತಿದ್ದದ್ದನ್ನು ಯಾರೂ ಗಮನಿಸಿರಲೇ ಇಲ್ಲ, ಈಗ ಸಂಜೆ ಆರೂಕಾಲಿಗೆ ಕೆಲಸ ಬಿಟ್ಟು ಎದ್ದದ್ದನ್ನೂ ಗಮನಿಸಲಿಲ್ಲ. ಮಂಗಳವಾರ, ಗುರುವಾರ ಮಾತ್ರ ಕ್ಲೈಂಟ್ ಮೀಟಿಂಗ್ ಇದೆ, ಅವರ ಬೆಳಿಗ್ಗೆ ಒಂಬತ್ತೂವರೆಗೆ. ಅಂದರೆ ನಮಗೆ ಸಂಜೆ ಏಳು. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ನಮಗೆ ಎಂಟಾಗುತ್ತದೆ. ಮಾರ್ಚಿನಲ್ಲಿ ಮತ್ತೆ ಏಳು. ಮೀಟಿಂಗ್ ಇರುವ ಆ ಎರಡು ದಿನ ಬೆಲ್ ಆದ ಮೇಲೆ ಮಗಳ ಜೊತೆ ಹೊರಗೆ ಹೋಗಿ, ಎಳನೀರು ಕುಡಿದು, ವಾಪಸ್ ಬಂದು ಮೀಟಿಂಗಿಗೆ ಕೂರುತ್ತೇನೆ. ಕೆಲಸ ಕಡಿಮೆ ಆಗಿಲ್ಲ. ಆದರೆ ಬೆಲ್ಲಿಂದ ಮೀಟಿಂಗ್ ತನಕದ ಹೊತ್ತು ಈಗ ನನ್ನದು.

ತುರ್ತು ಬಂದರೆ? ತಿಂಗಳಿಗೊಂದು ವಾರ ನನಗೆ ಆನ್‌ಕಾಲ್ ಇರುತ್ತದೆ, ರಾತ್ರಿ ಸರ್ವರ್ ಬಿದ್ದರೆ ಏಳಲೇಬೇಕು. ಫೋನ್ ಹಾಲ್‌ನಲ್ಲಿ ಚಾರ್ಜಿಗೆ ಇರುತ್ತದೆ, ರಿಂಗ್ ಪೂರ್ತಿ ಜೋರು, ಆದರೆ ಕರೆ ಬಂದರೂ ಸದ್ದಾಗದಂತೆ ತಡೆಯುವ ಡು ನಾಟ್ ಡಿಸ್ಟರ್ಬ್ ಹಾಕಿರುತ್ತೇನೆ. ಅದರೊಳಗೆ ಹೋಗಿ ಆಯ್ದ ನಂಬರುಗಳಿಗೆ ಮಾತ್ರ ವಿನಾಯಿತಿ ಕೊಡಬಹುದು. ಊರಿನ ಚಿಕ್ಕಪ್ಪ, ತಂಗಿ, ಆನ್‌ಕಾಲ್ ನಂಬರ್, ಇಷ್ಟು ಜನಕ್ಕೆ ಕೊಟ್ಟಿದ್ದೇನೆ. ಆಂಡ್ರಾಯ್ಡಿನಲ್ಲಿ ಇನ್ನೊಂದು ಸೌಕರ್ಯ ಇದೆ, ಹದಿನೈದು ನಿಮಿಷದೊಳಗೆ ಒಬ್ಬರೇ ಎರಡನೇ ಸಲ ಕರೆ ಮಾಡಿದರೆ ಅದು ರಿಂಗ್ ಆಗುತ್ತದೆ. ನಿಜವಾಗಿ ತುರ್ತಿದ್ದವರು ಎರಡನೇ ಸಲ ಮಾಡೇ ಮಾಡುತ್ತಾರೆ. ಉಳಿದವರು ಮೆಸೇಜ್ ಹಾಕಿ ಮಲಗುತ್ತಾರೆ.

ಸೆಲ್ ವಿಷಯ. ಜೊತೆಗೆ ಕೊಟ್ಟ ಸೆಲ್ ಎರಡೇ ತಿಂಗಳು ಬಂತು, ಅದನ್ನು ಮೊದಲೇ ಎಸೆದು ಒಳ್ಳೆಯದು ಹಾಕಿಕೊಳ್ಳಿ. ಸೆಲ್ ಸೋಲುವಾಗ ಮೊದಲು ಅಲಾರಂ ಗಂಟಲು ಕಟ್ಟುತ್ತದೆ, ಸೊಳ್ಳೆ ಗುಂಯ್ ಅಂದ ಹಾಗೆ ಕೇಳುತ್ತದೆ. ಆಮೇಲೆ ಸೆಕೆಂಡ್ ಮುಳ್ಳು ಒಂಬತ್ತರ ಹತ್ತಿರ ಮೇಲಕ್ಕೆ ಹತ್ತಲಾರದೆ ಇದ್ದಲ್ಲೇ ಮಿಡುಕುತ್ತದೆ. ಮಗಳು ಅದನ್ನು ನೋಡಿ ‘ಪಾಪ, ಅದಕ್ಕೆ ಸುಸ್ತು’ ಅಂದಳು. ಸತ್ತ ಸೆಲ್ ಒಳಗೇ ಬಿಡಬೇಡಿ, ಸೋರಿದರೆ ತಗಡು ತುಕ್ಕು ಹಿಡಿದು ಗಡಿಯಾರವೇ ಹೋಗುತ್ತದೆ.

ಯಾರಿಗೆ ಬೇಡ? ವಾರಕ್ಕೊಂದು ಪಾಳಿ ಬದಲಾಗುವವರಿಗೆ ಬೇಡ, ಮತ್ತೆ ಮತ್ತೆ ತಿರುಪು ತಿರುಗಿಸುವುದರಲ್ಲೇ ಸಾಕಾಗುತ್ತದೆ. ಕೋಣೆಯಲ್ಲಿ ಹಸುಗೂಸು ಇದ್ದರೆ ಖಂಡಿತ ಬೇಡ. ಗಾಢ ನಿದ್ದೆಯವರು ತಲೆ ಮೇಲಿನ ಬಟನ್ ನಂಬಬೇಡಿ, ಅದು ನಾಲ್ಕೈದು ನಿಮಿಷ ಸುಮ್ಮನಿರಿಸಿ ಮತ್ತೆ ಕೂಗಿಸುತ್ತದೆ. ನಮ್ಮ ಭಾವ ಅದನ್ನು ಆರು ಸಲ ಒತ್ತಿದ ದಾಖಲೆ ಇದೆ.

ಸ್ಟಾರ್ ಲೆಕ್ಕ: ಅಲಾರಂ ಆಗಿ ಮೂರು, ಸಂಜೆಯ ಬೆಲ್ ಆಗಿ ಐದು, ಸದ್ದಿಗೆ ಒಂದು.

ಇಷ್ಟೆಲ್ಲ ಹೊಗಳುವಾಗ ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಮೂರನೇ ತಿಂಗಳಲ್ಲಿ ಒಂದು ಸಂಜೆ ನಾನೂ ಮಗಳೂ ಹೊರಗೆ ಹೊರಟಿದ್ದೆವು, ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಕೇಳಿದಳು, ‘ನಿಮ್ಮ ಬೆಲ್ ಆಯ್ತು. ನನ್ನ ಬೆಲ್ ಯಾವಾಗ?’ ನನ್ನ ಬಳಿ ಉತ್ತರ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಏಳುವವಳು ಅವಳು, ಅಲಾರಂ ಇಲ್ಲದೆ.

ಮುಂದಿನ ಶನಿವಾರ ಅದೇ ಅಂಗಡಿಗೆ ಹೋದೆ. ನೀಲಿ ಖಾಲಿಯಾಗಿತ್ತು, ಗುಲಾಬಿ ಬಣ್ಣದ್ದು ಮಾತ್ರ ಇತ್ತು, 20 ರೂಪಾಯಿ ಜಾಸ್ತಿ. ಈ ಸಲ ಅಂಗಡಿಯಲ್ಲೇ ಓಡಿಸಿ ನೋಡಿದೆ. ಅದು ಅಡುಗೆಮನೆ ಕಿಟಕಿಯಲ್ಲಿದೆ, ರಾತ್ರಿ ಒಂಬತ್ತಕ್ಕೆ ಇಟ್ಟಿದ್ದಾಳೆ. ಅದು ಕೂಗಿದ ಮೇಲೆ ಸಿಂಕಿನಲ್ಲಿ ಏನಿದ್ದರೂ ನನ್ನದು. ಮೊದಲ ವಾರ ಎರಡು ಲೋಟ ಒಡೆದೆ. ವಿಚಿತ್ರ ಏನಂದರೆ ಅದೇ ಡಬ್ಬಿ, ಅದೇ ಹೆಸರು, ನನ್ನದು ಐದು ನಿಮಿಷ ಮುಂಚೆ ಕೂಗಿದರೆ ಅವಳದ್ದು ಸರಿಯಾಗಿ ಒಂಬತ್ತಕ್ಕೇ ಕೂಗುತ್ತದೆ, ಒಂದು ನಿಮಿಷ ಆಚೀಚೆ ಇಲ್ಲ.